ವೆಬ್‌ಸೈಟ್ ಮಾಡಿಸೀರಿ, ಸರಿ. ಸರ್ವರ್‌ನಾಗ ಅದು ಯಾವ ಫೋಲ್ಡರ್‌ನಾಗೈತಿ ಗೊತ್ತೈತೇನ್ರಿ?

ಮುರಗೋಡ: ಅಂಗಡಿಗೊಂದು ವೆಬ್‌ಸೈಟ್ ಅನ್ನೋದು ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಭಾಗದ ವ್ಯಾಪಾರಸ್ಥರಿಗೆ ಈಗ ಹೊಸ ಮಾತಲ್ಲ. ಸೀರೆ, ಬಂಗಾರ, ಬೀಜ-ಗೊಬ್ಬರ, ಯಾವ ಅಂಗಡಿಯೇ ಇರಲಿ, ಪರಿಚಯದ ಹುಡುಗನ ಕೈಲಿ ಸೈಟ್ ಮಾಡಿಸೋದು ರೂಢಿ. ಆ ಹುಡುಗ ಬೆಂಗಳೂರಿಗೋ ಪುಣೆಗೋ ಕೆಲಸಕ್ಕೆ ಹೋದ ಮೇಲೆ ತೊಂದರೆ ಶುರುವಾಗುತ್ತದೆ. ಸೈಟ್ ಎಲ್ಲೈತಿ, ಯಾವ ಫೈಲ್ ಯಾವುದಕ್ಕ ಅನ್ನೋದು ಅಂಗಡಿಯಲ್ಲಿ ಯಾರಿಗೂ ಗೊತ್ತಿರುವುದಿಲ್ಲ.

ಅದಕ್ಕಿಂತ ದೊಡ್ಡ ಅಪಾಯ ಇನ್ನೊಂದಿದೆ. ಗಿರಾಕಿಗಳ ಫೋನ್ ನಂಬರ್, ಉದ್ರಿ ಲೆಕ್ಕ ಇರುವ ಫೈಲ್ ತಪ್ಪು ಫೋಲ್ಡರ್‌ಗೆ ಬಿದ್ದರೆ ಅದನ್ನು ಯಾರು ಬೇಕಾದರೂ ಇಳಿಸಿಕೊಳ್ಳಬಹುದು. ಹಾಗಾಗಿ ಸರ್ವರ್ ಒಳಗಿನ ಫೋಲ್ಡರ್‌ಗಳ ಜೋಡಣೆಯನ್ನು ಅಂಗಡಿ ಮಾಲೀಕರೂ ಒಮ್ಮೆ ತಿಳಿದುಕೊಳ್ಳುವುದು ಒಳ್ಳೆಯದು.

ಅಂಗಡಿ ಇದ್ದಂಗ, ಸರ್ವರ್ ಇರೋದು

ವೆಬ್ ಸರ್ವರ್ ಅಂದರೆ, ಯಾರಾದರೂ ಮೊಬೈಲ್‌ನಲ್ಲಿ ನಿಮ್ಮ ಸೈಟ್ ಹೆಸರು ಒತ್ತಿದಾಗ ಬೇಕಾದ ಪುಟ ತೆಗೆದುಕೊಡುವ ಸಾಫ್ಟ್‌ವೇರ್. 1995ರಲ್ಲಿ ಬಂದ ‘ಅಪಾಚೆ’ ಇದರಲ್ಲಿ ಬಹಳ ಹೆಸರಾದದ್ದು. ದುಡ್ಡು ಕೊಡಬೇಕಿಲ್ಲ, ಬಿಟ್ಟಿ ಸಿಗುತ್ತದೆ. ಇದನ್ನು ಹಾಕಿದ ಕೂಡಲೇ ಹತ್ತಾರು ಫೋಲ್ಡರ್ ತಾವೇ ತಯಾರಾಗುತ್ತವೆ. ಮಾಲೀಕರಿಗೆ ಮುಖ್ಯವಾದವು ಮೂರೇ.

ಮೊದಲನೆಯದು ಬೀದಿಗೆ ತೆರೆದ ಫೋಲ್ಡರ್. ಅಂಗಡಿಯ ಮುಂದಿನ ಶೋಕೇಸ್ ಇದ್ದಂತೆ, ಇದರಲ್ಲಿ ಇಟ್ಟದ್ದು ಜಗತ್ತಿಗೆಲ್ಲ ಕಾಣುತ್ತದೆ. ಎರಡನೆಯದು ಸೆಟ್ಟಿಂಗ್ ಫೋಲ್ಡರ್. ಯಾವ ಹೆಸರಿಗೆ ಯಾವ ಸೈಟ್ ತೋರಿಸಬೇಕು, ಯಾವ ಬಾಗಿಲು ಮುಚ್ಚಬೇಕು ಎಂಬ ಮಾಲೀಕರ ಅಪ್ಪಣೆಯೆಲ್ಲ ಇದರಲ್ಲಿ. ಮೂರನೆಯದು ಲಾಗ್ ಫೋಲ್ಡರ್. ಯಾರು ಎಷ್ಟು ಹೊತ್ತಿಗೆ ಬಂದರು, ಏನು ಕೇಳಿದರು ಎಂದು ಸರ್ವರ್ ತಾನೇ ಬರೆದಿಡುವ ಕಿರ್ದಿ ಪುಸ್ತಕ.

ಶೋಕೇಸ್‌ನ್ಯಾಗ ಕಿರ್ದಿ ಪುಸ್ತಕ ಯಾರೂ ಇಡೂದಿಲ್ಲ. ಸರ್ವರ್‌ನಲ್ಲೂ ಇದೇ ನಿಯಮ.

ಯಾವ ಕಂಪ್ಯೂಟರ್‌ನಲ್ಲಿ ಎಲ್ಲಿರುತ್ತದೆ?

ವಿಂಡೋಸ್: ಕಾಲೇಜು ಹುಡುಗರು ಸಾಮಾನ್ಯವಾಗಿ ‘ಝ್ಯಾಂಪ್’ ಹಾಕಿ ಕಲಿಯುತ್ತಾರೆ. ಸಿ ಡ್ರೈವ್‌ನ ಝ್ಯಾಂಪ್ ಫೋಲ್ಡರ್‌ನಲ್ಲಿ ‘ಎಚ್‌ಟಿಡಾಕ್ಸ್’ ಎಂಬುದೇ ಶೋಕೇಸ್. ಪಕ್ಕದ ‘ಅಪಾಚೆ’ ಫೋಲ್ಡರ್‌ನೊಳಗೆ ‘ಕಾನ್ಫ್’ ಅಂದರೆ ಸೆಟ್ಟಿಂಗ್, ‘ಲಾಗ್ಸ್’ ಅಂದರೆ ಕಿರ್ದಿ. ಝ್ಯಾಂಪ್ ಇರುವುದು ಕಲಿಯಲು, ಮಾಡಿ ನೋಡಲು. ಇದರ ಮೇಲೆ ನೇರವಾಗಿ ಅಂಗಡಿ ಸೈಟ್ ನಡೆಸುವುದು ಸುರಕ್ಷಿತವಲ್ಲ.

ಉಬುಂಟು: ‘ವಾರ್’ ಒಳಗೆ ‘ಡಬ್ಲ್ಯೂಡಬ್ಲ್ಯೂಡಬ್ಲ್ಯೂ’, ಅದರೊಳಗೆ ‘ಎಚ್‌ಟಿಎಂಎಲ್’. ಇದು ಶೋಕೇಸ್. ಸೆಟ್ಟಿಂಗ್ ಇರುವುದು ‘ಇಟಿಸಿ’ ಒಳಗಿನ ‘ಅಪಾಚೆ2’ರಲ್ಲಿ. ಕಿರ್ದಿ ಇರುವುದು ‘ವಾರ್’ನ ‘ಲಾಗ್’ ಒಳಗಿನ ‘ಅಪಾಚೆ2’ರಲ್ಲಿ.

ರೆಡ್ ಹ್ಯಾಟ್ ಬಳಗದ ಲಿನಕ್ಸ್: ಶೋಕೇಸ್ ಉಬುಂಟುವಿನಂತೆಯೇ. ಸೆಟ್ಟಿಂಗ್ ಮತ್ತು ಲಾಗ್ ಫೋಲ್ಡರ್‌ಗಳ ಹೆಸರು ಮಾತ್ರ ‘ಎಚ್‌ಟಿಟಿಪಿಡಿ’.

ವರ್ಷದ ಬಾಡಿಗೆಯ ಹೋಸ್ಟಿಂಗ್: ಸಣ್ಣ ಅಂಗಡಿಗಳ ಸೈಟ್‌ಗೆ ಸಾಮಾನ್ಯವಾಗಿ ಇದೇ ಸಾಕು. ‘ಸಿಪ್ಯಾನೆಲ್’ ತೆರೆದು ಫೈಲ್ ಮ್ಯಾನೇಜರ್‌ಗೆ ಹೋದರೆ ‘ಪಬ್ಲಿಕ್ ಎಚ್‌ಟಿಎಂಎಲ್’ ಎಂಬ ಫೋಲ್ಡರ್ ಕಾಣುತ್ತದೆ. ಹೆಸರೇ ಹೇಳುವಂತೆ ಅದು ಸಾರ್ವಜನಿಕ. ಅದರ ಹೊರಗಿನದು ಬೀದಿಗೆ ಕಾಣುವುದಿಲ್ಲ.

ಬರೆದಿಟ್ಟ ಬೋರ್ಡ್, ತೂಗುಹಾಕಿದ ಬೋರ್ಡ್

ಉಬುಂಟುವಿನ ಸೆಟ್ಟಿಂಗ್ ಫೋಲ್ಡರ್‌ನಲ್ಲಿ ‘ಸೈಟ್ಸ್ ಅವೈಲೇಬಲ್’, ‘ಸೈಟ್ಸ್ ಎನೇಬಲ್ಡ್’ ಎಂಬ ಎರಡು ಫೋಲ್ಡರ್ ಇವೆ. ಹೊಸಬರಿಗೆ ಗೊಂದಲ ಆಗೋದು ಇಲ್ಲೇ. ಮೊದಲನೆಯದು ಬರೆಸಿ ಗೋಡೌನ್‌ನಲ್ಲಿಟ್ಟ ಬೋರ್ಡ್. ಎರಡನೆಯದು ಅಂಗಡಿ ಮುಂದೆ ತೂಗುಹಾಕಿದ ಬೋರ್ಡ್. ಸವದತ್ತಿ ಎಲ್ಲಮ್ಮನ ಜಾತ್ರೆಗೆಂದು ಬೇರೆಯೇ ಸೈಟ್ ಮಾಡಿಸಿದರೆ ಅದರ ಸೆಟ್ಟಿಂಗ್ ಮೊದಲೇ ಬರೆದಿಟ್ಟು, ಜಾತ್ರೆ ಹೊತ್ತಿಗೆ ಚಾಲೂ ಮಾಡಿ, ಮುಗಿದ ಮೇಲೆ ಬಂದ್ ಮಾಡಬಹುದು. ಬಂದ್ ಮಾಡಿದರೂ ಮೂಲ ಫೈಲ್ ಗೋಡೌನ್‌ನಲ್ಲೇ ಇರುತ್ತದೆ.

ಸೆಟ್ಟಿಂಗ್ ಬದಲಿಸಿದರೆ ಸರ್ವರ್ ರಿಲೋಡ್ ಮಾಡಲೇಬೇಕು. ಶೋಕೇಸ್‌ನ ಸಾದಾ ಪುಟದಲ್ಲಿ ರೇಟು ತಿದ್ದಿದರೆ ಅದರ ಅಗತ್ಯವಿಲ್ಲ.

ಎಡವಟ್ಟು ಆಗೋದು ಎಲ್ಲಿ?

ಸೈಟ್ ತಿದ್ದುವ ಮುಂಚೆ ‘ಇರಲಿ’ ಅಂತ ಎಲ್ಲ ಫೈಲ್ ಸೇರಿಸಿ ಒಂದು ಜಿಪ್ ಮಾಡಿ, ಅದನ್ನು ಶೋಕೇಸ್ ಫೋಲ್ಡರ್‌ನಲ್ಲೇ ಬಿಟ್ಟುಬಿಡೋದು ಸಾಮಾನ್ಯ ತಪ್ಪು. ಆ ಜಿಪ್‌ನಲ್ಲಿ ಪಾಸ್‌ವರ್ಡ್ ಇರುತ್ತದೆ, ಗಿರಾಕಿಗಳ ಪಟ್ಟಿಯೂ ಇರಬಹುದು. ‘ಬ್ಯಾಕಪ್’ ಎಂಬ ಹೆಸರು ಊಹಿಸುವುದು ಕಷ್ಟವಲ್ಲ. ಇಂಥ ಹೆಸರುಗಳನ್ನೇ ಹುಡುಕುತ್ತ ತಿರುಗುವ ಪ್ರೋಗ್ರಾಂಗಳು ಇಂಟರ್ನೆಟ್‌ನಲ್ಲಿ ಹಗಲು-ರಾತ್ರಿ ಓಡುತ್ತಿರುತ್ತವೆ.

ಇನ್ನೊಂದು ಸಂಗತಿ: ಫೋಲ್ಡರ್‌ನಲ್ಲಿ ‘ಇಂಡೆಕ್ಸ್’ ಹೆಸರಿನ ಪುಟ ಇಲ್ಲದಿದ್ದರೆ, ಉಬುಂಟುವಿನಲ್ಲಿ ಮೊದಲಿಂದ ಇರುವ ಸೆಟ್ಟಿಂಗ್ ಪ್ರಕಾರ ಅಪಾಚೆ ಅಲ್ಲಿರುವ ಫೈಲ್‌ಗಳ ಪಟ್ಟಿಯನ್ನೇ ತೋರಿಸಿಬಿಡುತ್ತದೆ. ಪರೀಕ್ಷೆ ಸುಲಭ. ಸೈಟ್ ಹೆಸರಿನ ಮುಂದೆ ಫೋಟೊ ಇಟ್ಟ ಫೋಲ್ಡರ್ ಹೆಸರು ಹಾಕಿ ನೋಡಿ. ‘ಇಂಡೆಕ್ಸ್ ಆಫ್’ ಎಂಬ ತಲೆಬರಹದ ಪಟ್ಟಿ ಬಂದರೆ ಬಾಗಿಲು ತೆರೆದಿದೆ ಎಂದೇ ಅರ್ಥ. ಪಟ್ಟಿ ಬಂದ್ ಮಾಡಿಸಿದರಷ್ಟೇ ಸಾಲದು, ಬೇಡದ ಫೈಲ್‌ಗಳನ್ನೂ ಆ ಫೋಲ್ಡರ್‌ನಿಂದ ಹೊರಗೆ ಹಾಕಬೇಕು.

ದೊಡ್ಡವರೂ ಇಂಥದ್ದಕ್ಕೆ ಹೊರತಲ್ಲ. ಕೇಂದ್ರ ಮತ್ತು ರಾಜ್ಯ ಸರ್ಕಾರಗಳ ಸುಮಾರು 210 ವೆಬ್‌ಸೈಟ್‌ಗಳಲ್ಲಿ ಫಲಾನುಭವಿಗಳ ಹೆಸರು, ವಿಳಾಸದ ಜೊತೆ ಆಧಾರ್ ನಂಬರ್ ಕೂಡ ಬಹಿರಂಗವಾಗಿ ಕಾಣುತ್ತಿದ್ದವು ಎಂದು ಆಧಾರ್ ಪ್ರಾಧಿಕಾರವೇ ಮಾಹಿತಿ ಹಕ್ಕಿನಡಿ ಉತ್ತರಿಸಿದ್ದು 2017ರಲ್ಲಿ ಸುದ್ದಿಯಾಗಿತ್ತು. ಬೀಗ ಒಡೆದು ಕದ್ದಿದ್ದಲ್ಲ, ಎಲ್ಲರಿಗೂ ಕಾಣುವ ಕಡೆ ಇಟ್ಟಿದ್ದ ಪಟ್ಟಿ ಅದು. ಅದಾದ ಮೇಲೆ 2023ರಲ್ಲಿ ಬಂದ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ, ಜನರ ಮಾಹಿತಿ ಕಾಯದೆ ಬಿಟ್ಟವರಿಗೆ ಗರಿಷ್ಠ 250 ಕೋಟಿ ರೂಪಾಯಿ ತನಕ ದಂಡ ಹಾಕಲು ಅವಕಾಶವಿದೆ.

ಶೋಕೇಸ್ ಕಾಪಿ ಮಾಡಿದ್ರ ಎಲ್ಲಾ ಬಂತು ಅನ್ಕೋಬ್ಯಾಡ್ರಿ

ಹೋಸ್ಟಿಂಗ್ ಬದಲಿಸುವಾಗ ಪಬ್ಲಿಕ್ ಫೋಲ್ಡರ್ ಒಂದನ್ನೇ ಪೆನ್‌ಡ್ರೈವ್‌ಗೆ ಹಾಕಿಕೊಂಡು ಬರುವವರಿದ್ದಾರೆ. ಆರ್ಡರ್, ಗಿರಾಕಿಗಳ ವಿವರ ಸಾಮಾನ್ಯವಾಗಿ ಡೇಟಾಬೇಸ್‌ನಲ್ಲಿರುತ್ತದೆ, ಅದರ ಜಾಗವೇ ಬೇರೆ. ಉಬುಂಟುವಿನಲ್ಲಿ ಮೈಎಸ್‌ಕ್ಯೂಎಲ್ ಡೇಟಾ ಇರುವುದು ‘ವಾರ್’ನ ‘ಲಿಬ್’ ಒಳಗೆ. ಫೋಲ್ಡರ್ ಎತ್ತಿಕೊಂಡು ಬರುವ ಬದಲು ಡೇಟಾಬೇಸ್ ಅನ್ನು ಎಕ್ಸ್‌ಪೋರ್ಟ್ ಮಾಡಿಸಿ ತೆಗೆದುಕೊಳ್ಳಬೇಕು. ಚುಕ್ಕೆಯಿಂದ ಶುರುವಾಗುವ ‘ಎಚ್‌ಟಿಆಕ್ಸೆಸ್’ ಫೈಲ್ ಅಡಗಿ ಕೂತಿರುತ್ತದೆ, ಅದನ್ನೂ ಮರೆಯಬಾರದು.

ಸೈಟ್‌ಗೆ ಏನಾದರೂ ಆದರೆ ಲಾಗ್ ಬೇಗ ನೋಡಿಸಿ. ಉಬುಂಟು ಸಾಮಾನ್ಯವಾಗಿ 14 ದಿನದ ಹಳೇ ಲಾಗ್ ಇಟ್ಟುಕೊಂಡು ಅದಕ್ಕಿಂತ ಹಿಂದಿನದನ್ನು ಅಳಿಸುತ್ತ ಹೋಗುತ್ತದೆ. ತಿಂಗಳು ಬಿಟ್ಟು ಕೇಳಿದರೆ ಸುಳಿವೇ ಸಿಗದು.

ಸೈಟ್ ಮಾಡಿದವರಿಗೆ ಇಷ್ಟು ಕೇಳಿ

1. ಬೀದಿಗೆ ಕಾಣುವ ಫೋಲ್ಡರ್ ಯಾವುದು? ಅದರಲ್ಲಿ ಜಿಪ್, ಎಕ್ಸೆಲ್, ಡೇಟಾಬೇಸ್ ಫೈಲ್ ಏನಾದರೂ ಉಳಿದಿವೆಯೇ?

2. ಫೈಲ್‌ಗಳ ಪಟ್ಟಿ ತೋರಿಸುವುದು ಬಂದ್ ಆಗಿದೆಯೇ?

3. ಫೋಲ್ಡರ್‌ಗಳಿಗೆ ‘777’ ಅನುಮತಿ ಕೊಟ್ಟಿದ್ದಾರೆಯೇ? ಅಂದರೆ ಆ ಸರ್ವರ್‌ನಲ್ಲಿ ಯಾರು ಬೇಕಾದರೂ ಬರೆಯಬಹುದು, ಅಳಿಸಬಹುದು. ಸಾಮಾನ್ಯವಾಗಿ ಫೋಲ್ಡರ್‌ಗೆ 755, ಫೈಲ್‌ಗೆ 644 ಸಾಕು.

4. ಬ್ಯಾಕಪ್ ಎಲ್ಲಿದೆ? ಅದೇ ಸರ್ವರ್‌ನಲ್ಲಿದ್ದರೆ ಅದು ಬ್ಯಾಕಪ್ ಅಲ್ಲ.

5. ಹೋಸ್ಟಿಂಗ್, ಡೊಮೇನ್ ಯಾರ ಹೆಸರಿನಲ್ಲಿವೆ, ಪಾಸ್‌ವರ್ಡ್ ಯಾರ ಹತ್ತಿರ ಇದೆ?

ಐದಕ್ಕೂ ಉತ್ತರ ಒಂದು ಹಾಳೆಯಲ್ಲಿ ಬರೆಸಿಕೊಂಡು ಅಂಗಡಿಯ ಲೈಸೆನ್ಸ್ ಕಾಗದಪತ್ರದ ಜೊತೆ ಇಟ್ಟುಕೊಳ್ಳಿ. ಮುಂದೆ ಯಾರೇ ಬಂದು ಸೈಟ್ ನೋಡಿಕೊಂಡರೂ ಆ ಹಾಳೆಯಿಂದಲೇ ಕೆಲಸ ಶುರು ಮಾಡಬಹುದು.