ಬಾಕಿ ಉಳಿದಿದ್ದ ಒಂದು ಕುಣಿತ

2021ರ ನವೆಂಬರಿನಲ್ಲಿ ಬಂದ 'ಹಾಕ್‌ಐ' ಸರಣಿಯ ಮೊದಲ ಕಂತಿನಲ್ಲೇ ಒಂದು ನಾಟಕ ನಡೆಯುತ್ತದೆ. ಬಿಲ್ಲು ಹಿಡಿದ ಸೂಪರ್‌ಹೀರೋ ಕ್ಲಿಂಟ್ ಬಾರ್ಟನ್ ಮಕ್ಕಳ ಜೊತೆ ನ್ಯೂಯಾರ್ಕಿನ ರಂಗಮಂದಿರವೊಂದರಲ್ಲಿ ಕೂತಿದ್ದಾನೆ. ಎದುರಿಗೆ ನಡೆಯುತ್ತಿರುವುದು ಅವನದೇ ಕಥೆ. ಅವನೂ ಸಂಗಡಿಗರೂ ನಗರವನ್ನು ಉಳಿಸಲು ಮಾಡಿದ ಕಾಳಗ ಅಲ್ಲಿ ಹಾಡು-ಕುಣಿತವಾಗಿದೆ. ಆ ಕಾಳಗದಲ್ಲಿ ಇರದಿದ್ದ ಆ್ಯಂಟ್‌ಮ್ಯಾನ್ ಕೂಡ ಎಲ್ಲರ ಸಮಕ್ಕೆ ಹೆಜ್ಜೆ ಹಾಕುತ್ತಿದ್ದಾನೆ. ತೀರಿಹೋದ ಗೆಳತಿ ನತಾಶಾಳ ವೇಷದಲ್ಲಿ ಯಾರೋ ನಿಂತದ್ದು ಕಂಡಾಗ ಕ್ಲಿಂಟ್‌ಗೆ ತಡೆಯಲಾಗುವುದಿಲ್ಲ. ಕಿವಿಯಲ್ಲಿದ್ದ ಶ್ರವಣಸಾಧನವನ್ನು ಆರಿಸಿಬಿಡುತ್ತಾನೆ.

'ರಾಜರ್ಸ್: ದಿ ಮ್ಯೂಸಿಕಲ್' ಎಂಬ ಆ ನಾಟಕ ಆಗ ಎಲ್ಲೂ ಇರಲಿಲ್ಲ. ಇದ್ದದ್ದು 'ಸೇವ್ ದ ಸಿಟಿ' ಎಂಬ ಒಂದೇ ಹಾಡು. ಬ್ರಾಡ್‌ವೇಯಲ್ಲಿ 'ಹೇರ್‌ಸ್ಪ್ರೇ' ಮಾಡಿ ಹೆಸರಾದ ಮಾರ್ಕ್ ಶೈಮನ್ ಮತ್ತು ಸ್ಕಾಟ್ ವಿಟ್‌ಮನ್ ಸರಣಿಗೆಂದು ಅದನ್ನು ಕಟ್ಟಿಕೊಟ್ಟಿದ್ದರು. ಆ ಒಂದು ಹಾಡಿನ ಹಿಂದೆಯೂ ಮುಂದೆಯೂ ಕಥೆ ಹೆಣೆದು, 2023ರ ಜೂನ್ 30ರಂದು ನಿಜವಾದ ನಾಟಕವೇ ಪರದೆ ಎತ್ತಿತು. ಜಾಗ, ಅಮೆರಿಕದ ಅನಹೈಮ್ ಊರಿನಲ್ಲಿರುವ ಡಿಸ್ನಿ ಕ್ಯಾಲಿಫೋರ್ನಿಯಾ ಅಡ್ವೆಂಚರ್ ಥೀಮ್ ಪಾರ್ಕ್. ಸುಮಾರು ಅರ್ಧ ಗಂಟೆಯ ಆಟ. ಆಗಸ್ಟ್ 31ಕ್ಕೆ ಮುಗಿದೂ ಹೋಯಿತು.

ಎರಡೇ ತಿಂಗಳು ಬದುಕಿದ ನಾಟಕದ ಬಗ್ಗೆ ಬರೆಯುವುದೇಕೆ ಎಂದು ಕೇಳಬಹುದು. ಪಾರ್ಕಿನ ಆಟಗಳನ್ನು ನಾವು ಹಗುರವಾಗಿ ಕಾಣುತ್ತೇವೆ, ಅದಕ್ಕೇ. ಅಲ್ಲಿನ ಹೈಪೀರಿಯನ್ ರಂಗಮಂದಿರದಲ್ಲಿ ಸುಮಾರು 2,000 ಮಂದಿ ಕೂರಬಹುದು. ವಾಲ್ಟ್ ಡಿಸ್ನಿಯ ಹಳೆಯ ಸ್ಟುಡಿಯೊ ಇದ್ದ ಲಾಸ್ ಏಂಜಲೀಸಿನ ರಸ್ತೆಯ ಹೆಸರನ್ನೇ ಇದಕ್ಕೂ ಇಟ್ಟಿದ್ದಾರೆ. ಒಪೆರಾ ನಿರ್ದೇಶಕಿ ಫ್ರಾನ್ಸೆಸ್ಕಾ ಜಾಂಬೆಲ್ಲೊ ಕಟ್ಟಿದ 'ಅಲ್ಲಾದೀನ್' ಇಲ್ಲಿ 2003ರಿಂದ 2016ರವರೆಗೆ, ಹದಿಮೂರು ವರ್ಷ ನಡೆಯಿತು. ಅದು ಶುರುವಾದಾಗ ಬ್ರಾಡ್‌ವೇಗೆ 'ಅಲ್ಲಾದೀನ್' ಇನ್ನೂ ಕಾಲಿಟ್ಟಿರಲಿಲ್ಲ. ಆಮೇಲೆ 'ಫ್ರೋಜನ್' ಬಂತು. 2020ರ ಮಾರ್ಚಿನಲ್ಲಿ ಕೋವಿಡ್ ಪಾರ್ಕಿನ ಬಾಗಿಲು ಹಾಕಿಸಿದ ಮೇಲೆ ಮೂರು ವರ್ಷ ಈ ವೇದಿಕೆಗೆ ದೀಪವಿರಲಿಲ್ಲ. ಅದನ್ನು ಮತ್ತೆ ಹಚ್ಚಿದ್ದು ಈ ನಾಟಕದ ನಾಯಕ ಸ್ಟೀವ್ ರಾಜರ್ಸ್, ಅಂದರೆ ಕ್ಯಾಪ್ಟನ್ ಅಮೆರಿಕ.

ಇಂಥ ಕಡೆ ನಾಟಕ ಆಡುವುದು ಕಷ್ಟದ ಕೆಲಸ. ಪಾರ್ಕಿನ ಟಿಕೆಟ್ಟಿನಲ್ಲೇ ಇದೂ ಸೇರಿರುವುದರಿಂದ ನಾಟಕಕ್ಕೆಂದೇ ಮನೆ ಬಿಟ್ಟು ಬಂದವರ ಪಕ್ಕದಲ್ಲಿ, ಬಿಸಿಲಿಗೆ ಬೇಸತ್ತು ತಂಪಿಗೆಂದು ಒಳಬಂದವರೂ ಕೂತಿರುತ್ತಾರೆ. ಮಡಿಲಲ್ಲಿ ಮಗು, ಕಾಲಡಿಯಲ್ಲಿ ಚೀಲ. ವಿರಾಮವಿಲ್ಲ. ದಿನಕ್ಕೆ ಹಲವು ಪ್ರದರ್ಶನ. ಕಥೆ ಗೊತ್ತಿಲ್ಲದವರಿಗೂ ತಿಳಿಯಬೇಕು, ಎಲ್ಲ ಸಿನಿಮಾ ಬಾಯಿಪಾಠ ಇರುವವರಿಗೂ ಬೇಸರ ಆಗಬಾರದು. ರಂಗಪಠ್ಯ ಬರೆದ ಹಂಟರ್ ಬೆಲ್ ಇದಕ್ಕೆ 'ಸ್ಟಾರ್ಕೆಟ್ಸ್' ಎಂಬ ಗಾಯಕಿಯರ ಗುಂಪನ್ನು ಇಟ್ಟುಕೊಂಡರು. ಯಕ್ಷಗಾನದ ಭಾಗವತರಂತೆ ಅವರು ಹಾಡುತ್ತಲೇ ಕಥೆಯನ್ನು ಕೈಹಿಡಿದು ಮುಂದಕ್ಕೆ ಕರೆದೊಯ್ಯುತ್ತಾರೆ.

ಸೂಪರ್‌ಹೀರೋಗಳಿಗೆ ವೇದಿಕೆ ಸುಲಭವಾಗಿ ಒಗ್ಗುವುದಿಲ್ಲ. 1966ರಲ್ಲಿ ಸೂಪರ್‌ಮ್ಯಾನ್ ಬ್ರಾಡ್‌ವೇಗೆ ಬಂದು 129 ಪ್ರದರ್ಶನಕ್ಕೇ ನಿಂತ. ಸ್ಪೈಡರ್‌ಮ್ಯಾನ್ ನಾಟಕಕ್ಕೆ ಏಳೂವರೆ ಕೋಟಿ ಡಾಲರ್ ಸುರಿದರು. ಹಗ್ಗ ಕಟ್ಟಿಕೊಂಡು ಹಾರಬೇಕಿದ್ದ ಕಲಾವಿದರು ಗಾಯಗೊಂಡರು. ಹಾರುವವನನ್ನು ಹಾರಿಸಲೇಬೇಕಲ್ಲ! ಸ್ಟೀವ್‌ಗೆ ಆ ತೊಡಕಿಲ್ಲ. ಅವನ ಕಥೆಯೊಳಗೇ ಒಂದು ವೇದಿಕೆ ಇದೆ.

ಅವನನ್ನು ಸೃಷ್ಟಿಸಿದವರು ಜೋ ಸೈಮನ್ ಮತ್ತು ಜ್ಯಾಕ್ ಕರ್ಬಿ, ವಲಸೆ ಬಂದ ಯಹೂದಿ ಕುಟುಂಬಗಳ ಹುಡುಗರು. 1941ರ ಮಾರ್ಚ್ ಎಂದು ನಮೂದಾಗಿದ್ದ, ಅವನ ಕಾಮಿಕ್ಸ್‌ನ ಮೊದಲ ಸಂಚಿಕೆ 1940ರ ಡಿಸೆಂಬರಿನಲ್ಲೇ ಅಂಗಡಿಗೆ ಬಂತು. ಮುಖಪುಟದಲ್ಲಿ ಕ್ಯಾಪ್ಟನ್ ಅಮೆರಿಕ ಹಿಟ್ಲರನ ದವಡೆಗೆ ಗುದ್ದುತ್ತಿದ್ದಾನೆ. ಅಮೆರಿಕ ಯುದ್ಧಕ್ಕಿಳಿಯಲು ಇನ್ನೂ ಒಂದು ವರ್ಷವಿತ್ತು. ಸರ್ಕಾರಕ್ಕಿಂತ ಮೊದಲು ಇಬ್ಬರು ಚಿತ್ರಕಾರರು ಯುದ್ಧ ಸಾರಿದ್ದರು. ಕರ್ಬಿ ಮುಂದೆ ಸೈನಿಕನಾಗಿ ಫ್ರಾನ್ಸಿನ ರಣಭೂಮಿಗೂ ಹೋದರು.

2011ರ ಸಿನಿಮಾ ಈ ಕಥೆಗೆ ಒಂದು ನೋವಿನ ತಿರುವು ಕೊಟ್ಟಿತು. ಬಡಕಲು ಹುಡುಗನಿಗೆ ಔಷಧದಿಂದ ವೀರನ ಮೈ ಬಂದರೂ ಅವನನ್ನು ಯುದ್ಧಕ್ಕೆ ಕಳಿಸುವುದಿಲ್ಲ. ಬಣ್ಣದ ಉಡುಪು ತೊಡಿಸಿ, ನರ್ತಕಿಯರ ನಡುವೆ ನಿಲ್ಲಿಸಿ, ಯುದ್ಧದ ಬಾಂಡ್ ಮಾರಲು ಊರೂರು ಸುತ್ತಿಸುತ್ತಾರೆ. ಹುಸಿ ಹಿಟ್ಲರನಿಗೆ ದಿನವೂ ಹುಸಿ ಗುದ್ದು. ಆ ದೃಶ್ಯಕ್ಕೆ ಆ್ಯಲನ್ ಮೆಂಕನ್ ಮತ್ತು ಡೇವಿಡ್ ಜಿಪ್ಪೆಲ್ ಮಾಡಿದ 'ಸ್ಟಾರ್ ಸ್ಪ್ಯಾಂಗಲ್ಡ್ ಮ್ಯಾನ್' ಹಾಡನ್ನು ಅನಹೈಮ್‌ನ ನಾಟಕವೂ ಬಳಸಿಕೊಂಡಿತು. ಬೇರೆ ವೀರರನ್ನು ವೇದಿಕೆಗೆ ಎಳೆದು ತರಬೇಕು, ಇವನು ಅಲ್ಲಿಂದಲೇ ಹೊರಟವನು. ನಾಟಕ ಗೆಲ್ಲುವುದು ಇಲ್ಲೇ ಎಂದು ನನಗೆ ಅನಿಸುತ್ತದೆ.

ಹೊಸ ಹಾಡುಗಳು ಐದು. ರಾಗ ಹಾಕಿದ ಕ್ರಿಸ್ಟೋಫರ್ ಲೆನರ್ಟ್ಜ್ ಹಿಂದೆ 'ಏಜೆಂಟ್ ಕಾರ್ಟರ್' ಸರಣಿಗೆ ಸಂಗೀತ ಕೊಟ್ಟವರು. ಎಂದರೆ ಸ್ಟೀವ್ ಪ್ರೀತಿಸಿದ ಪೆಗ್ಗಿ ಕಾರ್ಟರಳ ಮನಸ್ಸನ್ನು ಆಗಲೇ ಬಲ್ಲವರು. ಮಂಜಿನಲ್ಲಿ ಹೂತು ಸುಮಾರು ಏಳು ದಶಕ ನಿದ್ದೆಹೋದ ಸ್ಟೀವ್ ಎದ್ದಾಗ, ಅವನು ಕಳೆದುಕೊಂಡ ಕಾಲವನ್ನೆಲ್ಲ 'ವಾಟ್ ಯು ಮಿಸ್ಡ್' ಎಂಬ ಒಂದೇ ಹಾಡು ಅವನ ಮುಂದೆ ಸುರಿಯುತ್ತದೆ. ಮಾತಿನಲ್ಲಿ ಗಂಟೆಗಟ್ಟಲೆ ಹಿಡಿಯುವ ಕೆಲಸ. ನಿದ್ದೆಗೆ ಜಾರುವ ಮುನ್ನ ಅವನು ಒಂದು ಮಾತು ಕೊಟ್ಟಿದ್ದ. ಬೀಳುತ್ತಿದ್ದ ವಿಮಾನದಿಂದ ರೇಡಿಯೊದಲ್ಲಿ, ಮುಂದಿನ ಶನಿವಾರ ನಿನ್ನ ಜೊತೆ ಕುಣಿಯುತ್ತೇನೆ ಎಂದು ಪೆಗ್ಗಿಗೆ.

ನಗರ ಉಳಿಸುವ ಆ ಪ್ರಸಿದ್ಧ ಹಾಡು ಇಲ್ಲೂ ಗರ್ಜಿಸುತ್ತದೆ. ಸರಣಿಯಲ್ಲಿ ಅದು ನಗಿಸಲೆಂದು ಇದ್ದದ್ದು. ಇಲ್ಲಿ ನಾಟಕ ಅಷ್ಟಕ್ಕೆ ನಿಲ್ಲುವುದಿಲ್ಲ. ಕಾಳಗದ ಸದ್ದಡಗಿದ ಮೇಲೆ ಸ್ಟೀವ್ ಕಾಲವನ್ನು ಹಿಂದಕ್ಕೆ ದಾಟಿ ಹೋಗುತ್ತಾನೆ. 'ಜಸ್ಟ್ ಒನ್ ಡಾನ್ಸ್' ಶುರುವಾಗುತ್ತದೆ. ವೀರನ ಕೈಯಲ್ಲಿ ಈಗ ಪೆಗ್ಗಿಯ ಕೈ ಮಾತ್ರ.