‘ಖಾಲಿ’ ಟ್ಯಾಂಕ್ ಖಾಲಿಯಲ್ಲ

ಪೆಟ್ರೋಲ್ ಬಂಕ್ ಮುಚ್ಚುವಾಗ ಅಥವಾ ಹೊಸದಾಗಿ ಕಟ್ಟುವಾಗ ನೆಲದಡಿಯ ಹಳೆಯ ಟ್ಯಾಂಕನ್ನು ಮೇಲೆತ್ತಬೇಕಾಗುತ್ತದೆ. ಒಳಗಿದ್ದ ಪೆಟ್ರೋಲನ್ನು ಪಂಪ್ ಮಾಡಿ ತೆಗೆದ ಮೇಲೆ ಸಾಮಾನ್ಯವಾಗಿ ಕೇಳುವ ಮಾತು: ‘ಟ್ಯಾಂಕ್ ಖಾಲಿ ಇದೆ, ಶುರು ಮಾಡಿ.’ ಕೆಲಸಗಾರರ ಜೀವಕ್ಕೆ ಎರವಾಗುವುದು ಈ ಮಾತೇ. ಭಾಷಾಶಾಸ್ತ್ರಜ್ಞ ಬೆಂಜಮಿನ್ ಲೀ ವೋರ್ಫ್ ಅಮೆರಿಕದ ಬೆಂಕಿ ವಿಮಾ ಕಂಪನಿಯೊಂದರಲ್ಲಿ ದುಡಿಯುತ್ತಿದ್ದಾಗ ಇದನ್ನು ಗಮನಿಸಿದ್ದರು. ತುಂಬಿದ ಪೆಟ್ರೋಲ್ ಡ್ರಮ್ಮುಗಳ ಹತ್ತಿರ ಮೈಯೆಲ್ಲ ಎಚ್ಚರವಾಗಿರುತ್ತಿದ್ದ ಜನ, ‘ಖಾಲಿ’ ಡ್ರಮ್ಮುಗಳ ಬಳಿ ಅಳುಕಿಲ್ಲದೆ ಸಿಗರೇಟು ಸೇದುತ್ತಿದ್ದರು.

ಒಳಗೆ ಏನಿರುತ್ತದೆ?

ಪಂಪಿಗೆ ಸಿಗದ ಒಂದಿಷ್ಟು ಪೆಟ್ರೋಲ್ ತಳದಲ್ಲಿ ಉಳಿದಿರುತ್ತದೆ. ಕೆಸರು, ತುಕ್ಕಿನ ಚಕ್ಕೆಗಳೂ ಅದನ್ನು ಹೀರಿಕೊಂಡಿರುತ್ತವೆ. ಗಾಳಿಯಲ್ಲಿ ಪೆಟ್ರೋಲ್ ಆವಿ ಸುಮಾರು ಶೇ. 1.4ರಿಂದ 7.6ರಷ್ಟಿದ್ದರೆ ಒಂದು ಕಿಡಿ ಸಾಕು. ಟ್ಯಾಂಕಿನಲ್ಲಿ ಪೆಟ್ರೋಲ್ ಇರುವಾಗ ಆವಿ ಇದಕ್ಕಿಂತ ದಟ್ಟ, ಹೊತ್ತಿಕೊಳ್ಳಲು ಗಾಳಿಯೇ ಸಾಲದು. ಬರಿದು ಮಾಡಿ ಮುಚ್ಚಳ ತೆರೆದಾಗ ಗಾಳಿ ಒಳನುಗ್ಗಿ, ಮಿಶ್ರಣ ಸ್ಫೋಟದ ಅಳತೆಗೆ ಇಳಿಯುತ್ತದೆ. ಈ ಆವಿ ಗಾಳಿಗಿಂತ ಮೂರು–ನಾಲ್ಕು ಪಟ್ಟು ಭಾರವಾದ್ದರಿಂದ ಆಳುಗಳು ನಿಂತ ಗುಂಡಿಯಲ್ಲೇ ಮಡುಗಟ್ಟುತ್ತದೆ. ಅದರಲ್ಲಿರುವ ಬೆಂಜೀನ್ ರಕ್ತದ ಕ್ಯಾನ್ಸರ್ ತರಬಲ್ಲದು. 2000ಕ್ಕಿಂತ ಹಿಂದೆ, ಸೀಸ ಬೆರೆತ ಪೆಟ್ರೋಲ್ ಕಂಡ ಟ್ಯಾಂಕಾದರೆ ಕೆಸರಿನಲ್ಲಿ ಸೀಸವೂ ಇರಬಹುದು.

ಕಿಡಿಗೆ ಎಡೆಗೊಡದಂತೆ

ಬಂಕಿನ ಟ್ಯಾಂಕುಗಳು 2002ರ ಪೆಟ್ರೋಲಿಯಂ ನಿಯಮಗಳಿಗೆ ಒಳಪಟ್ಟಿವೆ. ನಾಗಪುರದಲ್ಲಿ ಕೇಂದ್ರ ಕಚೇರಿಯಿರುವ ಪೆಸೊ ಸಂಸ್ಥೆ ಇವುಗಳ ಮೇಲೆ ಕಣ್ಣಿಟ್ಟಿರುತ್ತದೆ. ಅದರ ಒಪ್ಪಿಗೆ ಪಡೆದೇ ಕೆಲಸ ಆರಂಭಿಸಬೇಕು. ಬಂಕಿನ ವಿದ್ಯುತ್ ಸಂಪರ್ಕ ಕಡಿದು, ಪೈಪುಗಳಲ್ಲಿ ನಿಂತ ಪೆಟ್ರೋಲನ್ನು ಟ್ಯಾಂಕಿಗೇ ಇಳಿಸಿ, ಎಲ್ಲವನ್ನೂ ಹೊರತೆಗೆಯಬೇಕು. ಪಂಪು, ಪೈಪು, ಟ್ಯಾಂಕು ಮೂರನ್ನೂ ತಂತಿಯಿಂದ ಜೋಡಿಸಿ ಅರ್ಥಿಂಗ್ ಕೊಡದಿದ್ದರೆ ಸ್ಥಿರ ವಿದ್ಯುತ್ತಿನಿಂದಲೇ ಕಿಡಿ ಹಾರಬಹುದು. ಬೀಡಿ, ಬೆಂಕಿಪೊಟ್ಟಣ, ಮೊಬೈಲ್ ಬೇಲಿಯಾಚೆ ಇರಲಿ. ನೈಲಾನ್ ಅಂಗಿ ಬೇಡ, ಹತ್ತಿಯದೇ ಸರಿ.

ಆಮೇಲೆ ಟ್ಯಾಂಕಿನೊಳಗಿನ ಆಮ್ಲಜನಕವನ್ನು ತಗ್ಗಿಸಬೇಕು. ಅದಕ್ಕೆ ಬಳಸುವುದು ಡ್ರೈ ಐಸ್, ಅಂದರೆ ಗಟ್ಟಿಯಾದ ಇಂಗಾಲದ ಡೈಆಕ್ಸೈಡ್. 1,000 ಲೀಟರ್ ಸಾಮರ್ಥ್ಯಕ್ಕೆ ಕನಿಷ್ಠ 1.8 ಕೆ.ಜಿ. ಲೆಕ್ಕದಲ್ಲಿ, 20,000 ಲೀಟರಿನ ಟ್ಯಾಂಕಿಗೆ ಸುಮಾರು 36 ಕೆ.ಜಿ. ಬೇಕು. ಇದರ ಉಷ್ಣತೆ ಮೈನಸ್ 78 ಡಿಗ್ರಿ. ಬರಿಗೈಯಲ್ಲಿ ಮುಟ್ಟಿದರೆ ಚರ್ಮ ಸುಟ್ಟಂತಾಗುತ್ತದೆ. ಇದು ಕರಗದೆ ನೇರವಾಗಿ ಅನಿಲವಾಗಿ ಟ್ಯಾಂಕನ್ನು ತುಂಬುತ್ತದೆ. ಆಮ್ಲಜನಕ ಶೇ. 8ಕ್ಕಿಂತ ಕೆಳಗಿಳಿದರೆ ಒಳಗೆ ಬೆಂಕಿ ಹೊತ್ತದು.

ಇಲ್ಲೊಂದು ಸೂಕ್ಷ್ಮವಿದೆ. ಆವಿ ಅಳೆಯುವ ಸಾಮಾನ್ಯ ಮೀಟರ್ ಕೆಲಸ ಮಾಡಲು ಆಮ್ಲಜನಕ ಬೇಕು. ಡ್ರೈ ಐಸ್ ಹಾಕಿದ ಟ್ಯಾಂಕಿನಲ್ಲಿ ಅದು ಸೊನ್ನೆ ತೋರಿಸಿದರೆ ಆವಿ ಇಲ್ಲವೆಂದು ತಿಳಿಯುವಂತಿಲ್ಲ. ಆಗ ನೋಡಬೇಕಾದದ್ದು ಆಮ್ಲಜನಕದ ಅಂಕಿಯನ್ನು, ಅದೂ ಟ್ಯಾಂಕಿನ ಮೇಲೆ, ನಡುವೆ, ತಳದಲ್ಲಿ ಮೂರೂ ಕಡೆ. ತುಕ್ಕು ರಾತ್ರಿಯಿಡೀ ಆವಿ ಬಿಡುತ್ತಿರುತ್ತದೆ. ನಿನ್ನೆಯ ಅಳತೆ ಇಂದಿಗಾಗದು.

ಗುಂಡಿಯ ಅಂಚಿನಲ್ಲಿ

ಒಂದು ಘನ ಮೀಟರ್ ಮಣ್ಣು ಒಂದೂವರೆ ಟನ್ನಿಗೂ ಹೆಚ್ಚು ತೂಗುತ್ತದೆ. ಗುಂಡಿ 1.5 ಮೀಟರ್ ದಾಟುತ್ತಿದ್ದಂತೆ ಗೋಡೆಯನ್ನು ಇಳಿಜಾರಾಗಿ ಕಡಿಯಬೇಕು, ಇಲ್ಲವೇ ಹಲಗೆ ಕೊಟ್ಟು ಆನಿಸಬೇಕು. ಅಗೆದ ಮಣ್ಣನ್ನು ಅಂಚಿನಲ್ಲೇ ರಾಶಿ ಹಾಕಬಾರದು, ಜೆಸಿಬಿಯೂ ದೂರ ನಿಲ್ಲಬೇಕು. ಟ್ಯಾಂಕಿನಿಂದ ಹೊರಬಂದ ಇಂಗಾಲದ ಡೈಆಕ್ಸೈಡ್ ಕೂಡ ಗಾಳಿಗಿಂತ ಭಾರವಾದ್ದರಿಂದ ಗುಂಡಿಯ ತಳದಲ್ಲೂ ಗಾಳಿ ಅಳೆಯಲೇಬೇಕು.

ಟ್ಯಾಂಕಿನೊಳಗೆ ಯಾರೂ ಇಳಿಯದೆ ಕೆಲಸ ಮುಗಿಸುವುದೇ ಒಳ್ಳೆಯದು. ಇಳಿಯಲೇಬೇಕಾದರೆ ಆ ಟ್ಯಾಂಕಿನಿಂದ ಡ್ರೈ ಐಸ್ ಅನಿಲ, ಆವಿ ಎರಡನ್ನೂ ಗಾಳಿ ಹಾಯಿಸಿ ಹೊರದೂಡಬೇಕು. ಆಮ್ಲಜನಕ ಶೇ. 19.5ಕ್ಕಿಂತ ಕಡಿಮೆಯಿರಬಾರದು, ಆವಿ, ಹೊತ್ತಿಕೊಳ್ಳುವ ಕನಿಷ್ಠ ಮಟ್ಟದ ಹತ್ತನೇ ಒಂದು ಭಾಗ ಮೀರಬಾರದು. ಅರ್ಹರಾದವರು ಪರೀಕ್ಷಿಸಿ ಲಿಖಿತ ಪ್ರಮಾಣಪತ್ರ ಕೊಟ್ಟಿರಬೇಕು. ಮೂಗಿಗೆ ಕಟ್ಟಿದ ಟವೆಲ್ಲಾಗಲಿ, ಫಿಲ್ಟರ್ ಮಾಸ್ಕಾಗಲಿ ಆಮ್ಲಜನಕ ಕೊಡುವುದಿಲ್ಲ. ಹೊರಗಿನಿಂದ ಗಾಳಿ ಬರುವ ಮುಖಗವಸೇ ಬೇಕು. ಇಳಿದವರ ಮೈಗೆ ಬಿಗಿದ ಬೆಲ್ಟು, ಹಗ್ಗ, ಮೇಲೆ ಮುಕ್ಕಾಲಿ, ಪಕ್ಕದಲ್ಲಿ ಕದಲದೆ ಕಾಯುವ ಒಬ್ಬರು ಇರಬೇಕು. ಒಳಗಿನವರು ಕುಸಿದರೆ ಕಾಯುವವರು ಹಗ್ಗ ಎಳೆದು ಮೇಲೆತ್ತಬೇಕು, ತಾವು ಧುಮುಕಬಾರದು. ಇಂಥ ಇಕ್ಕಟ್ಟಿನ ಜಾಗಗಳಲ್ಲಿ ಸತ್ತವರಲ್ಲಿ ಶೇ. 60ಕ್ಕೂ ಹೆಚ್ಚು ಮಂದಿ ಬೇರೆಯವರನ್ನು ಉಳಿಸಲು ಹೋದವರು ಎಂದು ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆ ನಿಯೋಶ್ 1986ರಲ್ಲೇ ಎಚ್ಚರಿಸಿತ್ತು.

ಗುಜರಿಗೆ ಹೋದ ಮೇಲೂ

ಕ್ರೇನಿನಲ್ಲಿ ಎತ್ತುವ ಮುನ್ನ ರಂಧ್ರಗಳನ್ನೆಲ್ಲ ಬಿಗಿದು, ಒತ್ತಡ ಏರದಂತೆ ಮೇಲ್ಗಡೆ ಒಂದು ಸಣ್ಣ ತೂತು ಬಿಡುತ್ತಾರೆ. ಒಳಗೆ ಪೆಟ್ರೋಲ್ ಇತ್ತೆಂದು ಟ್ಯಾಂಕಿನ ಮೇಲೆ ದೊಡ್ಡದಾಗಿ ಬರೆಯಬೇಕು. ಇಲ್ಲವಾದರೆ ಏನೂ ಅರಿಯದ ಗುಜರಿ ಅಂಗಡಿಯ ಹುಡುಗ ಗ್ಯಾಸ್ ಕಟರ್ ಹಿಡಿಯುತ್ತಾನೆ. ಶುಚಿಗೊಳಿಸಿ, ಅಳೆದು ಖಚಿತಪಡಿಸಿಕೊಳ್ಳದೆ ಕಟರ್ ತಾಗಿಸುವಂತಿಲ್ಲ.

ದಿನಗೂಲಿಗೆ ಬಂದವರಿಗೆ ಈ ಅಳತೆಗಳೆಲ್ಲ ಬಾಯಿಪಾಠವಾಗಬೇಕಿಲ್ಲ. ಯಾರಾದರೂ ‘ಖಾಲಿ ಇದೆ’ ಎಂದಾಗ, ‘ಮೀಟರ್ ಎಷ್ಟು ತೋರಿಸ್ತು ಮೇಸ್ತ್ರಿ?’ ಎಂದು ಕೇಳಿದರೆ ಸಾಕು. ಉತ್ತರದಲ್ಲಿ ಇವತ್ತಿನ ಅಂಕಿ ಸಿಗದಿದ್ದರೆ ಗುಂಡಿಗೆ ಇಳಿಯಬೇಡಿ. ಹಾಗೆ ಕೇಳಿದವರ ಕೂಲಿ ಮುರಿಯದಂತೆ ನೋಡಿಕೊಳ್ಳುವುದು ಕೆಲಸ ಕೊಟ್ಟವರ ಹೊಣೆ.