ಇಪ್ಪತ್ತೆಂಟು ದಿನದ ಹಂಗಾಮು

ಸಿಹಿಗುಂಬಳದ ಬೀಜಕ್ಕೆ 100 ನಾಣ್ಯ, ಕಾಯಿ ಮಾರಿದರೆ 320. ಕ್ರ್ಯಾನ್‌ಬೆರಿ ಬೀಜಕ್ಕೆ 240 ನಾಣ್ಯ, ಹಣ್ಣು ಮಾರಿದರೆ ಬರೇ 75. ಶರತ್ಕಾಲದ ಮೊದಲ ಬೆಳಿಗ್ಗೆ ಹಳ್ಳಿಯ ಪಿಯರ್ ಎಂಬವನ ಬೀಜದಂಗಡಿಗೆ ಹೋದ ಹೊಸ ಆಟಗಾರರಿಗೆ ಇಷ್ಟು ಗೊತ್ತಿದ್ದರೆ ಕೈ ತಾನಾಗಿ ಕುಂಬಳದ ಕಡೆಗೇ ಹೋಗುತ್ತದೆ. ಒಂದು ವರ್ಷ ಆಡಿದವರು ಅದನ್ನು ನೋಡಿ ನಗುತ್ತಾರೆ. ಕ್ರ್ಯಾನ್‌ಬೆರಿ ಹಾಕಿ, ಕಣ್ಣು ಮುಚ್ಚಿಕೊಂಡು ಹಾಕಿ ಎನ್ನುತ್ತಾರೆ. ಇನ್ನೂ ಪಳಗಿದವರು ಮಾತ್ರ ಉತ್ತರ ಕೊಡುವ ಮೊದಲು ಕೇಳುತ್ತಾರೆ: ಕೈಯಲ್ಲಿ ದುಡ್ಡೆಷ್ಟಿದೆ?

'ಸ್ಟಾರ್‌ಡ್ಯೂ ವ್ಯಾಲಿ' ಎಂಬ ಆಟದ ಬೇಸಾಯವೆಲ್ಲ ಈ ಒಂದು ಪ್ರಶ್ನೆಯ ಸುತ್ತ ನಡೆಯುತ್ತದೆ. 2016ರ ಫೆಬ್ರವರಿ 26ರಂದು ಬಿಡುಗಡೆಯಾದ ಈ ಆಟವನ್ನು ಅಮೆರಿಕದ ಸಿಯಾಟಲ್ ಕಡೆಯ ಎರಿಕ್ ಬರೋನ್ ಒಬ್ಬರೇ ಕೂತು ಕಟ್ಟಿದರು. ಕಂಪ್ಯೂಟರ್ ವಿಜ್ಞಾನ ಓದಿ ಕೆಲಸ ಸಿಗದೆ ಇದ್ದ ಹುಡುಗ ಒಂದು ನಾಟಕಶಾಲೆಯಲ್ಲಿ ಪ್ರೇಕ್ಷಕರಿಗೆ ಸೀಟು ತೋರಿಸುತ್ತಾ ನಾಲ್ಕೂವರೆ ವರ್ಷ ಚಿತ್ರ, ಸಂಗೀತ, ಕಥೆ, ಲೆಕ್ಕ ಎಲ್ಲವನ್ನೂ ತಾನೇ ಮಾಡಿದ. ಮಾದರಿ ಇದ್ದದ್ದು 1996ರ ಜಪಾನಿ ಆಟ 'ಹಾರ್ವೆಸ್ಟ್ ಮೂನ್'. ಹಳ್ಳಿಯಲ್ಲಿ ಬೆಳೆದು ಟೋಕಿಯೊ ಸೇರಿದ ಯಾಸುಹಿರೊ ವಾಡಾ ಅದನ್ನು ರೂಪಿಸಿದ್ದರು. ಅಜ್ಜ ಬಿಟ್ಟುಹೋದ ಪಾಳು ಜಮೀನು, 500 ನಾಣ್ಯ, 15 ಪಾರ್ಸ್ನಿಪ್ ಬೀಜ: ಇಷ್ಟರಿಂದ ಶುರುವಾಗುವ ಬರೋನ್ ಆಟ 2024ರ ಕೊನೆಯ ಹೊತ್ತಿಗೆ ನಾಲ್ಕು ಕೋಟಿಗೂ ಹೆಚ್ಚು ಪ್ರತಿ ಮಾರಾಟವಾಗಿತ್ತು. ಬಿಡುವಿನ ಆಟ, ಮನಸ್ಸು ಹಗುರಾಗಿಸುವ ಆಟ ಎಂದು ಇದಕ್ಕೆ ಹೆಸರು. ಆದರೆ ಆಡುವವರಲ್ಲಿ ಅರ್ಧ ಜನ ಪಕ್ಕದಲ್ಲಿ ಎಕ್ಸೆಲ್ ಹಾಳೆ ತೆರೆದುಕೊಂಡೇ ಕೂತಿರುತ್ತಾರೆ ಎಂಬುದು ನನ್ನ ಗುಮಾನಿ.

ಇಲ್ಲಿ ವರ್ಷಕ್ಕೆ ನಾಲ್ಕು ಹಂಗಾಮು, ಒಂದೊಂದಕ್ಕೂ 28 ದಿನ. ಬೆಳಿಗ್ಗೆ ಆರರಿಂದ ರಾತ್ರಿ ಎರಡರವರೆಗಿನ ಆಟದ ಒಂದು ದಿನ ನಮ್ಮ ಗಡಿಯಾರದಲ್ಲಿ ಸುಮಾರು 14 ನಿಮಿಷ. ಹಂಗಾಮು ಮುಗಿದ ಮರುದಿನ ಹೊಲದಲ್ಲಿ ನಿಂತ ಬೆಳೆ ಒಣಗಿ ಕರಕಲು. ಇಪ್ಪತ್ತೆಂಟನೇ ತಾರೀಕು ರಾತ್ರಿ ಬಲಿತು ನಿಲ್ಲುವ ಹೂಕೋಸನ್ನು ಮೊದಲನೇ ತಾರೀಕು ಬೆಳಿಗ್ಗೆ ಕೊಯ್ಯುವ ಅವಕಾಶವೇ ಇಲ್ಲ. ಮುಸುಕಿನ ಜೋಳ, ಗೋಧಿ, ಸೂರ್ಯಕಾಂತಿಯಂಥವು ಬೇಸಿಗೆ ದಾಟಿ ಶರತ್ಕಾಲಕ್ಕೂ ನಿಲ್ಲುತ್ತವೆ. ಉಳಿದವಕ್ಕೆ ಕರುಣೆ ಇಲ್ಲ. ನೀರು ಹಾಕದ ದಿನ ಗಿಡ ಸಾಯುವುದಿಲ್ಲ, ಆದರೆ ಆ ದಿನ ಬೆಳವಣಿಗೆಯ ಲೆಕ್ಕಕ್ಕೂ ಬರುವುದಿಲ್ಲ. ಹಾಗಾಗಿ ಬೀಜದ ಪೊಟ್ಟಣ ಕೈಗೆತ್ತಿಕೊಂಡಾಗ ನೋಡಬೇಕಾದದ್ದು ಮೊದಲು ಕ್ಯಾಲೆಂಡರು, ಆಮೇಲೆ ಬೆಲೆ. ಕುಂಬಳಕ್ಕೆ 13 ದಿನ ಬೇಕು. ಹದಿನೈದನೇ ತಾರೀಕು ನೆಟ್ಟರೆ ಕೊನೆಯ ದಿನ ಕೈಗೆ ಬರುತ್ತದೆ, ಹದಿನಾರಕ್ಕೆ ನೆಟ್ಟರೆ ನೂರು ನಾಣ್ಯ ಮಣ್ಣುಪಾಲು.

ವಸಂತದಲ್ಲಿ ಸಮಸ್ಯೆ ದುಡ್ಡಿನದು. ಅಂಗಡಿಯಲ್ಲಿ ಸಿಗುವ ಬೀಜಗಳಲ್ಲಿ ಹೂಕೋಸು ಭಾರೀ ಆಸಾಮಿ: ಬೀಜ 80, ಮಾರಾಟ 175, ಬೆಳೆಯಲು 12 ದಿನ. ಪಕ್ಕದಲ್ಲಿ ಪಾರ್ಸ್ನಿಪ್ ಎಂಬ ಬಡಪಾಯಿ ಗಡ್ಡೆ: ಬೀಜ 20, ಮಾರಾಟ 35, ನಾಲ್ಕೇ ದಿನ. ಒಂದು ಗಿಡಕ್ಕೆ 95 ನಾಣ್ಯ ಉಳಿಸುವ ಹೂಕೋಸಿನ ಮುಂದೆ 15 ನಾಣ್ಯದ ಪಾರ್ಸ್ನಿಪ್ ಯಾವ ಲೆಕ್ಕ ಅನ್ನಿಸುತ್ತದೆ. ಆದರೆ ಗಿಡ ಎಣಿಸುವುದನ್ನು ಬಿಟ್ಟು ಹೂಡಿದ ನಾಣ್ಯವನ್ನು ಎಣಿಸಿ. ಹೂಕೋಸಿಗೆ ಹಾಕಿದ ನೂರು ನಾಣ್ಯ 12 ದಿನದಲ್ಲಿ ಸುಮಾರು 219 ಆಗುತ್ತದೆ. ಪಾರ್ಸ್ನಿಪ್‌ಗೆ ಹಾಕಿದ ನೂರು ನಾಲ್ಕು ದಿನಕ್ಕೆ 175. ಅದನ್ನೇ ಮತ್ತೆ ಬೀಜಕ್ಕೆ ಹಾಕಿ, ಇನ್ನೊಮ್ಮೆ ಹಾಕಿದರೆ ಅದೇ 12 ದಿನದಲ್ಲಿ ಐನೂರು ದಾಟುತ್ತದೆ. ಬಡ್ಡಿಗೆ ಬಡ್ಡಿ ಸೇರುವ ಈ ಲೆಕ್ಕದಲ್ಲಿ ಆಲೂಗಡ್ಡೆಗೆ ನಡುವಿನ ಜಾಗ. 50 ನಾಣ್ಯದ ಬೀಜ, ಆರು ದಿನ, 80 ನಾಣ್ಯದ ಗಡ್ಡೆ, ಆಗಾಗ ಅಗೆದಾಗ ಒಂದರ ಬದಲು ಎರಡು ಸಿಗುವ ಅದೃಷ್ಟ. ಸರಾಸರಿ ತೆಗೆದರೆ ಆರು ದಿನಕ್ಕೊಮ್ಮೆ ಹಣ ಇಮ್ಮಡಿ.

ಹಾಗಾದರೆ ಎಲ್ಲರೂ ಪಾರ್ಸ್ನಿಪ್ ಹಾಕಿಕೊಂಡೇ ಸಾಹುಕಾರರಾಗಬಹುದಲ್ಲ? ಅಲ್ಲಿ ಅಡ್ಡ ಬರುವುದು ತೋಳು. ಆಟಗಾರನ ದಿನದ ಶಕ್ತಿ ಆರಂಭದಲ್ಲಿ 270. ಒಂದು ಗಿಡಕ್ಕೆ ನೀರು ಹಾಕಲು 2 ಖರ್ಚು; ಕೌಶಲ ಬೆಳೆದಂತೆ ಸ್ವಲ್ಪ ಇಳಿಯುತ್ತದೆ, ಅಷ್ಟೆ. ಅಂದರೆ 135 ಗಿಡಕ್ಕೆ ನೀರು ಹಾಕುವಷ್ಟರಲ್ಲಿ ಮೈ ಸೋತು, ಆ ದಿನ ಮರ ಕಡಿಯಲು, ಗಣಿಗೆ ಇಳಿಯಲು ಏನೂ ಉಳಿದಿರುವುದಿಲ್ಲ. ಜೊತೆಗೆ ನಾಲ್ಕು ದಿನಕ್ಕೊಮ್ಮೆ ಕೀಳುವುದು, ಮತ್ತೆ ನೆಡುವುದು. ಜಮೀನು ಎಕರೆಗಟ್ಟಲೆ ಖಾಲಿ ಬಿದ್ದಿದ್ದರೂ ಮೊದಲ ವಸಂತದಲ್ಲಿ ಬೆಳೆಯ ಮಿತಿ ಗೊತ್ತುಮಾಡುವುದು ನೀರಿನ ಡಬ್ಬಿ.

ವಸಂತದ ಹದಿಮೂರನೇ ತಾರೀಕು ಮೊಟ್ಟೆ ಹಬ್ಬ. ಊರವರೆಲ್ಲ ಸೇರುವ ಆ ಮೈದಾನದಲ್ಲಿ ವರ್ಷಕ್ಕೊಮ್ಮೆ ಸ್ಟ್ರಾಬೆರಿ ಬೀಜ ಮಾರಾಟಕ್ಕೆ ಬರುತ್ತದೆ. ಬೆಲೆ 100 ನಾಣ್ಯ. ಎಂಟು ದಿನಕ್ಕೆ ಮೊದಲ ಫಸಲು, ಆಮೇಲೆ ನಾಲ್ಕು ದಿನಕ್ಕೊಮ್ಮೆ, ಹಣ್ಣಿಗೆ 120. ಹಬ್ಬದ ರಾತ್ರಿಯೇ ನೆಟ್ಟು ನೀರು ಹಾಕಿದರೆ ಇಪ್ಪತ್ತೊಂದಕ್ಕೂ ಇಪ್ಪತ್ತೈದಕ್ಕೂ ಕೊಯ್ಲು. ಗಿಡಕ್ಕೆ 140 ಉಳಿಯುತ್ತದೆ. ಬುದ್ಧಿವಂತರು ಒಂದಷ್ಟು ಬೀಜವನ್ನು ಪೆಟ್ಟಿಗೆಯಲ್ಲಿ ಇಟ್ಟುಬಿಡುತ್ತಾರೆ. ಬೀಜ ಇಲ್ಲಿ ಕೆಡುವುದಿಲ್ಲ, ಮೊಳಕೆ ಬರುತ್ತದೋ ಇಲ್ಲವೋ ಎಂಬ ಅಂಜಿಕೆಯೂ ಇಲ್ಲ. ಮರುವರ್ಷ ವಸಂತದ ಮೊದಲ ದಿನ ಅದನ್ನೇ ನೆಟ್ಟರೆ ಐದು ಕೊಯ್ಲು, ಗಿಡಕ್ಕೆ 500 ಲಾಭ. ಹಬ್ಬಕ್ಕೆ ಕಾಸು ಹೊಂದಿಸುವುದರಲ್ಲೂ ಒಂದು ಸೂಕ್ಷ್ಮ ಇದೆ. ಹಬ್ಬದ ದಿನ ಅಂಗಡಿ ಮುಚ್ಚಿರುತ್ತದೆ. ಮಾರಾಟದ ಪೆಟ್ಟಿಗೆಗೆ ಹಾಕಿದ ಮಾಲಿನ ದುಡ್ಡು ಕೈಗೆ ಬರುವುದು ಮರುದಿನ ಬೆಳಿಗ್ಗೆ. ಹದಿಮೂರಕ್ಕೆ ಬಲಿಯುವ ಆಲೂಗಡ್ಡೆಯಿಂದ ಪ್ರಯೋಜನವಿಲ್ಲ, ಹನ್ನೆರಡಕ್ಕೆ ಬಲಿಯಬೇಕು. ಅದಕ್ಕೆ ಆರನೇ ತಾರೀಕಿನೊಳಗೆ ನೆಟ್ಟಿರಬೇಕು. ಮೊದಲ ವಾರದ ಯೋಜನೆಯೆಲ್ಲ ಈ ಒಂದು ದಿನದ ಅಂತರಕ್ಕೆ ತೂಗಿರುತ್ತದೆ.

ಬೇಸಿಗೆ ಸುಲಭ. ಬ್ಲೂಬೆರಿ ಬೀಜಕ್ಕೆ 80. ಹದಿಮೂರು ದಿನ ಸುಮ್ಮನಿದ್ದು, ಆಮೇಲೆ ನಾಲ್ಕು ದಿನಕ್ಕೊಮ್ಮೆ ಮೂರು ಮೂರು ಹಣ್ಣು ಕೊಡುತ್ತದೆ. ಮೊದಲ ದಿನ ನೆಟ್ಟವರಿಗೆ ನಾಲ್ಕು ಕೊಯ್ಲು, ಹನ್ನೆರಡು ಹಣ್ಣು, 50ರಂತೆ 600 ನಾಣ್ಯ. ಅದೇ 80 ನಾಣ್ಯದ ಕರಬೂಜ 250ಕ್ಕೆ ಹೋಗುತ್ತದಾದರೂ ಹಂಗಾಮಿನಲ್ಲಿ ಎರಡೇ ಬೆಳೆ, ಉಳಿಯುವುದು 340. ತಡವಾಗಿ ಬೀಜ ಕೊಂಡವರಿಗೆ ಮಾತ್ರ ಬ್ಲೂಬೆರಿ ಕೈಕೊಡುತ್ತದೆ: ಹದಿನೈದರ ನಂತರ ನೆಟ್ಟರೆ ಒಂದು ಹಣ್ಣೂ ಇಲ್ಲ. ಅಂಥವರಿಗೆ ಐದೇ ದಿನಕ್ಕೆ ಫಸಲಿಗೆ ಬರುವ ಮೆಣಸಿನಕಾಯಿ ಇದೆ.

ಈಗ ಶರತ್ಕಾಲದ ಅಂಗಡಿಗೆ ಹೋಗೋಣ. ಗೊಬ್ಬರ, ಮಾಲಿನ ಗುಣಮಟ್ಟ ತೋರಿಸಿ ಬೆಲೆ ಏರಿಸುವ ನಕ್ಷತ್ರ ಇವನ್ನೆಲ್ಲ ಬದಿಗಿಟ್ಟು ಒಂದು ಪಾತಿಯ, ಅಂದರೆ ಒಂದು ಗಿಡದ ಜಾಗದ, ಲೆಕ್ಕ ತೆಗೆದರೆ ಕ್ರ್ಯಾನ್‌ಬೆರಿಗೆ ಐದು ಕೊಯ್ಲು, ಸಲಕ್ಕೆ ಎರಡು ಹಣ್ಣು, ಒಟ್ಟು 750. ಬೀಜದ 240 ಕಳೆದು 510. ಕುಂಬಳ ಹದಿನಾಲ್ಕಕ್ಕೊಮ್ಮೆ, ಇಪ್ಪತ್ತೇಳಕ್ಕೊಮ್ಮೆ. ಎರಡೂ ಸೇರಿ 440. ಪಾತಿಗೆ ಪಾತಿ ನೋಡಿದರೆ ಕ್ರ್ಯಾನ್‌ಬೆರಿಯೇ ಮೇಲು. ಆದರೆ ಕೈಯಲ್ಲಿರುವುದು 2,400 ನಾಣ್ಯ ಎಂದಿಟ್ಟುಕೊಳ್ಳಿ. ಅದಕ್ಕೆ ಬರುವುದು ಹತ್ತೇ ಕ್ರ್ಯಾನ್‌ಬೆರಿ ಗಿಡ, ಹಂಗಾಮಿನ ಲಾಭ 5,100. ಕುಂಬಳವಾದರೆ 24 ಗಿಡ, ಲಾಭ 10,560. ಇನ್ನು ಯಾರ ಕಣ್ಣಿಗೂ ಬೀಳದ ಬದನೆ ಇದೆಯಲ್ಲ, ಬೀಜ 20, ಐದು ದಿನಕ್ಕೊಮ್ಮೆ 60ರ ಒಂದು ಕಾಯಿ, ಅದೇ ದುಡ್ಡಿಗೆ 120 ಗಿಡ! ಗಿಡಕ್ಕೆ 280ರಂತೆ ಲಾಭ 33,600. ಅಷ್ಟೂ ಗಿಡಕ್ಕೆ ದಿನಾ ನೀರು ಹಾಕುವವರು ಬೇಕು, ಅಷ್ಟೆ. ಗಣಿಯಿಂದ ಕಬ್ಬಿಣ, ಬಂಗಾರ ತಂದು ಎಂಟು ಪಾತಿಗೆ ತಾನೇ ನೀರೆರೆಯುವ ಸ್ಪ್ರಿಂಕ್ಲರ್ ಮಾಡಿಕೊಂಡವರು ಬದನೆಗೆ ಕೈ ಹಾಕಬಹುದು. ಡಬ್ಬಿ ಹಿಡಿದವರಿಗೆ ಕುಂಬಳ. ಹಣವೂ ಇದ್ದು, ನೀರಾವರಿ ಇರುವ ಪಾತಿಗಳು ಎಣಿಸಿದಷ್ಟೇ ಇದ್ದವರಿಗೆ ಕ್ರ್ಯಾನ್‌ಬೆರಿ. ಎಲ್ಲರಿಗೂ ಒಂದೇ ಬೆಳೆ ಹೇಳುವ ಪಟ್ಟಿಗಳನ್ನು ನಾನು ನಂಬದಿರುವುದು ಈ ಕಾರಣಕ್ಕೇ. ಅವು ಪಾತಿಯ ಲಾಭವನ್ನು ಮಾತ್ರ ಬರೆಯುತ್ತವೆ, ಪಾತಿಯೊಂದೇ ಕೊರತೆ ಎಂಬಂತೆ.

ಎರಡನೇ ವರ್ಷದ ಹೊತ್ತಿಗೆ ಕೊರತೆ ಹೊಲವನ್ನೇ ಬಿಟ್ಟು ಕೊಟ್ಟಿಗೆಗೆ ಬರುತ್ತದೆ. ಪೀಪಾಯಿಗೆ ಹಾಕಿದ ಹಣ್ಣು ಏಳು ದಿನದಲ್ಲಿ ವೈನ್ ಆಗಿ ಮೂರು ಪಟ್ಟು ಬೆಲೆಗೆ ಹೋಗುತ್ತದೆ. ಜಾಡಿಗೆ ಹಾಕಿದರೆ ಎರಡು ಪಟ್ಟಿನ ಮೇಲೆ 50 ನಾಣ್ಯ, ಅದೂ ಎರಡು ಮೂರು ದಿನದಲ್ಲಿ: ಹಣ್ಣಾದರೆ ಜಾಮ್, ತರಕಾರಿಯಾದರೆ ಉಪ್ಪಿನಕಾಯಿ. 50 ನಾಣ್ಯದ ಬ್ಲೂಬೆರಿಗೆ ಎರಡೂ ಕಡೆ ಸಿಗುವುದು ಸರಿಯಾಗಿ 150, ಹಾಗಾಗಿ ಅದನ್ನು ಪೀಪಾಯಿಗೆ ಹಾಕಿ ವಾರ ಕಾಯುವುದು ದಂಡ. 750 ನಾಣ್ಯದ ಸ್ಟಾರ್‌ಫ್ರೂಟ್ ಮಾತ್ರ ಪೀಪಾಯಿಗೇ ಸೇರಬೇಕು. ಮಾಲಿನ ನಕ್ಷತ್ರವನ್ನು ಪೀಪಾಯಿಯೂ ಜಾಡಿಯೂ ಲೆಕ್ಕಕ್ಕೆ ಇಟ್ಟುಕೊಳ್ಳುವುದಿಲ್ಲ. ಆದ್ದರಿಂದ ಚಿನ್ನದ ನಕ್ಷತ್ರದ ಹಣ್ಣನ್ನು ಹಾಗೇ ಮಾರಿ, ಸಾದಾ ಹಣ್ಣನ್ನು ಒಳಗೆ ಹಾಕುವುದು ರೂಢಿ. ಹಾಪ್ಸ್ ಬಳ್ಳಿಯದು ಇನ್ನೂ ವಿಚಿತ್ರ. ಬೇಸಿಗೆಯ ಹನ್ನೆರಡನೇ ದಿನದಿಂದ ಪ್ರತಿದಿನ ಒಂದು ಹೂವು, ಬೆಲೆ 25. ಅದೇ ಹೂವು ಪೀಪಾಯಿಯಿಂದ ಬಿಯರ್ ಆಗಿ ಹೊರಬಂದರೆ 300! ಒಂದೇ ಬಳ್ಳಿಯಿಂದ ಹಂಗಾಮಿಗೆ 17 ಹೂವು, ಐದು ಸಾವಿರ ದಾಟುವ ಆದಾಯ. ಆದರೆ ಹೂವು ದಿನಾ ಬರುತ್ತದೆ, ಪೀಪಾಯಿ ಒಂದೆರಡು ದಿನಕ್ಕೊಮ್ಮೆ ಖಾಲಿಯಾಗುತ್ತದೆ. ಒಂದೊಂದು ಪೀಪಾಯಿಗೂ ಮರ, ತಾಮ್ರ, ಕಬ್ಬಿಣದ ಜೊತೆಗೆ ಓಕ್ ಮರದ ಅಂಟು ಬೇಕು, ಅಂಟು ಇಳಿಯುವುದು ನಿಧಾನ. ಹೀಗೆ ಬೇಸಾಯಗಾರ ಕೊನೆಗೆ ಓಕ್ ಮರ ನೆಟ್ಟು ಅದರ ಬುಡದಲ್ಲಿ ಕಾಯುವ ಸ್ಥಿತಿಗೆ ಬರುತ್ತಾನೆ.

ಲಾಭದ ಪಟ್ಟಿಯಲ್ಲಿ ಎಂದೂ ಮೇಲೇರದ ಬೆಳೆಗಳನ್ನೂ ಬರೋನ್ ಜಾಣತನದಿಂದ ನೆಡಿಸುತ್ತಾರೆ. ಊರಿನ ಪಾಳುಬಿದ್ದ ಸಮುದಾಯ ಭವನಕ್ಕೆ ವಸಂತದ ಪಾರ್ಸ್ನಿಪ್, ಬೀನ್ಸ್, ಹೂಕೋಸು, ಆಲೂಗಡ್ಡೆ. ಬೇಸಿಗೆಯ ಟೊಮೆಟೊ, ಮೆಣಸಿನಕಾಯಿ, ಬ್ಲೂಬೆರಿ, ಕರಬೂಜ. ಶರತ್ಕಾಲದ ಜೋಳ, ಬದನೆ, ಕುಂಬಳ, ಗೆಣಸು ಒಂದೊಂದಾದರೂ ಒಪ್ಪಿಸಬೇಕು. ಇವೂ, ಇವುಗಳ ಜೊತೆ ಕೇಳುವ ಇನ್ನಷ್ಟು ಮಾಲೂ ಸೇರಿದರೆ ಹಂಗಾಮಿನ ಹಂಗಿಲ್ಲದ ಹಸಿರುಮನೆ ಸಿಗುತ್ತದೆ. ಬೇಸಿಗೆಯಿಡೀ ಬ್ಲೂಬೆರಿಯೊಂದನ್ನೇ ಹಾಕಿದವರು ಒಂದು ಟೊಮೆಟೊಗಾಗಿ ಮುಂದಿನ ಬೇಸಿಗೆ ಕಾಯುತ್ತಾ ಕೂರುವುದು ಸಾಮಾನ್ಯ ದೃಶ್ಯ. ಪ್ರತಿ ಹಂಗಾಮಿನ ಮೊದಲ ದಿನ ಎಲ್ಲ ಬೀಜವೂ ಎರಡೆರಡು ಕೊಂಡು ಹೊಲದ ಅಂಚಿಗೆ ಹಾಕಿಬಿಡಿ; ಜೋಳವನ್ನಂತೂ ಬೇಸಿಗೆಯಲ್ಲೇ.

ಹಸಿರುಮನೆಯಲ್ಲಿ 120 ಪಾತಿ. ಅಲ್ಲಿ ಬಹುತೇಕ ಎಲ್ಲರೂ ಕೊನೆಗೆ ತುಂಬುವುದು 'ಏನ್ಶಿಯಂಟ್ ಫ್ರೂಟ್' ಎಂಬ ಕಲ್ಪನೆಯ ಹಣ್ಣನ್ನು. ಮೊದಲ ಸಲ 28 ದಿನ, ಆಮೇಲೆ ಏಳು ದಿನಕ್ಕೊಮ್ಮೆ, ಬೆಲೆ 550. ವೈನಿಗೂ ಏಳೇ ದಿನ, ಬೆಲೆ 1,650. ಕೊಯ್ಲೂ ಪೀಪಾಯಿಯೂ ಒಂದೇ ತಾಳಕ್ಕೆ ನಡೆದು ವಾರಕ್ಕೆ 1,98,000 ನಾಣ್ಯ. ಅಲ್ಲಿಗೆ ಆಯ್ಕೆ ಎಂಬುದೇ ಮುಗಿಯಿತು, ನನ್ನ ಮಟ್ಟಿಗೆ ಆಟದ ಸ್ವಾರಸ್ಯವೂ ಅರ್ಧ ಮುಗಿಯಿತು. 2,400 ನಾಣ್ಯ ಹಿಡಿದು ಕುಂಬಳವೋ ಕ್ರ್ಯಾನ್‌ಬೆರಿಯೋ ಎಂದು ತಲೆ ಕೆರೆದುಕೊಂಡ ಮಜಾ ಲಕ್ಷ ನಾಣ್ಯದಲ್ಲಿ ಇಲ್ಲ.

ಇಷ್ಟೆಲ್ಲ ಸಾಧ್ಯವಾಗುವುದು ಬೆಲೆ ಬೀಳದ ಕಾರಣ. ಬೆರಳೆಣಿಕೆಯ ಮನೆಗಳ ಆ ಹಳ್ಳಿಯಲ್ಲಿ ವಾರಕ್ಕೆ 120 ಬಾಟಲಿ ವೈನ್ ಸುರಿದರೂ ಮುಂದಿನ ವಾರ ಅದೇ ದರ. ಅಲ್ಲಿನ ಟೊಮೆಟೊಗೆ ಎಂದೆಂದಿಗೂ 60 ನಾಣ್ಯ. ಕೋಲಾರದ ಎಪಿಎಂಸಿಗೆ ಟೊಮೆಟೊ ಹೊರುವವರು ಇದನ್ನು ಕೇಳಿದರೆ ಏನೆನ್ನುತ್ತಾರೋ. 2023ರ ಜುಲೈಯಲ್ಲಿ 15 ಕಿಲೋದ ಒಂದು ಬಾಕ್ಸ್ ಎರಡು ಸಾವಿರ ರೂಪಾಯಿ ದಾಟಿದ್ದನ್ನು ಕಂಡವರು ಅವರು. ಕಿತ್ತ ಕೂಲಿಯೂ ಹುಟ್ಟದೆ ರಸ್ತೆ ಬದಿಗೆ ಸುರಿದವರೂ ಅವರೇ.

ಬೆಲೆಯ ಏರಿಳಿತವೇ ಬೇಕು ಎನ್ನುವವರಿಗೆ ಸ್ವಿಟ್ಜರ್ಲೆಂಡಿನ ಜೈಂಟ್ಸ್ ಸಾಫ್ಟ್‌ವೇರ್ ಕಂಪನಿಯ 'ಫಾರ್ಮಿಂಗ್ ಸಿಮ್ಯುಲೇಟರ್' ಇದೆ. 2021ರ ಆವೃತ್ತಿಯಲ್ಲಿ ಅದಕ್ಕೆ ಹಂಗಾಮುಗಳೂ ಬಿತ್ತನೆಯ ಪಂಚಾಂಗವೂ ಬಂದವು. ಗೋಧಿಯ ದರ ಅಲ್ಲಿ ತಿಂಗಳಿಂದ ತಿಂಗಳಿಗೆ ಬದಲಾಗುತ್ತದೆ. ಕೊಯ್ದ ಕೂಡಲೇ ಮಾರುವುದೋ, ಉಗ್ರಾಣದಲ್ಲಿಟ್ಟು ಕಾಯುವುದೋ ಎಂಬುದು ಯಾವ ಬೆಳೆ ಎಂಬ ಪ್ರಶ್ನೆಯಷ್ಟೇ ದೊಡ್ಡದು. 2024ರ ನವೆಂಬರಿನ ಆವೃತ್ತಿಗೆ ಭತ್ತವೂ ಸೇರಿತು: ಗದ್ದೆಗೆ ನೀರು ಕಟ್ಟಿ, ಯಂತ್ರದಿಂದ ಸಸಿ ನಾಟಿ ಮಾಡಬೇಕು. ಆ ಯಂತ್ರದ ಬೆಲೆ ನೋಡಿದ ಮೇಲೆ ಬಹಳ ಜನ ಗೋಧಿಗೇ ವಾಪಸಾದರೂ ಆಶ್ಚರ್ಯವಿಲ್ಲ.